ಅನುವಾದಕರಿಗೆ, ದುಭಾಷಿಗಳಿಗೆ ಬರುವ ಕಳ್ಳ ಆಫರ್‌ಗಳನ್ನು ಹಿಡಿಯುವುದು ಹೇಗೆ?

"ಅಪರಿಚಿತರ ಮೇಲ್‌ಗೆ ಉತ್ತರ ಕೊಡಬೇಡಿ" ಎಂಬ ಸಲಹೆ ಫ್ರೀಲಾನ್ಸ್ ಅನುವಾದಕರ ಪಾಲಿಗೆ ಕೆಲಸಕ್ಕೆ ಬಾರದ್ದು. ನಮಗೆ ಕೆಲಸ ಬರುವುದೇ ಅಪರಿಚಿತರಿಂದ. ಎಲ್ಲೋ ದೂರದ ದೇಶದ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರು ಮೇಲ್ ಹಾಕುತ್ತಾರೆ, ದರ ಕೇಳುತ್ತಾರೆ, ಫೈಲ್ ಕಳಿಸುತ್ತಾರೆ. ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಟ್ಟಲೆ ಕೆಲಸ ನಡೆಯುವುದೂ ಉಂಟು. ಇದೆಲ್ಲ ವಂಚಕರಿಗೆ ಚೆನ್ನಾಗಿ ಗೊತ್ತು. ಸಾಲದ್ದಕ್ಕೆ ನಮ್ಮ ಹೆಸರು, ಭಾಷೆಗಳು, ಇಮೇಲ್, ಕೆಲವೊಮ್ಮೆ ಇಡೀ ರೆಸ್ಯೂಮೆ ಆನ್‌ಲೈನ್ ಡೈರೆಕ್ಟರಿಗಳಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಇರುತ್ತದೆ.

ಹಾಗಾಗಿ ನಮಗೆ ಬೇಕಾದದ್ದು ಬಾಗಿಲು ಹಾಕಿಕೊಳ್ಳುವ ಸಲಹೆಯಲ್ಲ, ಸೋಸುವ ವಿಧಾನ. ನಾನು ಮುಖ್ಯವಾಗಿ ನೋಡುವುದು ಒಂದೇ ವ್ಯತ್ಯಾಸ. ನಿಜವಾದ ಗ್ರಾಹಕರಿಗೆ ಚಿಂತೆ ಇರುವುದು ಕೆಲಸದ ಬಗ್ಗೆ. ಈ ವಿಷಯ ನಿಮಗೆ ಗೊತ್ತಾ, ಯಾವಾಗ ಕೊಡುತ್ತೀರಿ, ಈ ಪದಕೋಶ ಬಳಸುತ್ತೀರಾ, ದರ ಸ್ವಲ್ಪ ಕಮ್ಮಿ ಮಾಡುತ್ತೀರಾ ಎಂದೆಲ್ಲ ಪೀಡಿಸುತ್ತಾರೆ. ವಂಚಕರಿಗೆ ಕೆಲಸ ಬರೀ ನೆಪ. ಅವರ ಗಮನ ಪೂರ್ತಿ ಪಾವತಿಯ ಮೇಲೆ, ಇಲ್ಲವೇ ನಿಮ್ಮ ದಾಖಲೆಗಳ ಮೇಲೆ. ಕೆಳಗಿನ ಹೆಚ್ಚಿನ ಹಂತಗಳು ಇದನ್ನೇ ಬೇರೆ ಬೇರೆ ಕಡೆಯಿಂದ ಪರೀಕ್ಷಿಸುವ ದಾರಿಗಳು.

ಹಂತ 1: ಮೊದಲ ಮೇಲ್‌ನಲ್ಲಿ ಏನಿಲ್ಲ ಅನ್ನುವುದನ್ನು ನೋಡಿ

ಇಂಥ ಮೇಲ್‌ಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತವೆ. ಹೆಚ್ಚು ಕಡಿಮೆ ಹೀಗಿರುತ್ತವೆ:

"ನಮಸ್ಕಾರ. ನಿಮ್ಮ ವಿವರ ಇಂಟರ್ನೆಟ್‌ನಲ್ಲಿ ಸಿಕ್ಕಿತು. ಮುಂದೆ ನಡೆಯಲಿರುವ ಕಾರ್ಯಾಗಾರಕ್ಕಾಗಿ 18 ಪುಟಗಳ ದಾಖಲೆಯನ್ನು ಇಂಗ್ಲಿಷಿನಿಂದ ನಿಮ್ಮ ಭಾಷೆಗೆ ಅನುವಾದ ಮಾಡಿಸಬೇಕಿದೆ. ಒಂದು ತಿಂಗಳ ಸಮಯ ಇದೆ. ಒಟ್ಟು ಎಷ್ಟಾಗುತ್ತದೆ ತಿಳಿಸಿ. ಬ್ಯಾಂಕ್ ದೃಢೀಕರಿಸಿದ ಚೆಕ್ ಮೂಲಕ ಮುಂಗಡ ಪಾವತಿ ಮಾಡುತ್ತೇನೆ. ಚೆಕ್ ಮೇಲೆ ಬರೆಯಬೇಕಾದ ಪೂರ್ಣ ಹೆಸರು, ಮನೆ ವಿಳಾಸ, ಫೋನ್ ನಂಬರ್ ಕಳಿಸಿ."

ಮೇಲ್ನೋಟಕ್ಕೆ ಮರ್ಯಾದಸ್ಥರ ಪತ್ರ, ಅಲ್ವಾ? ಈಗ ಇನ್ನೊಮ್ಮೆ ಓದಿ. ಇದರಲ್ಲಿ ನಿಮ್ಮ ಹೆಸರಿಲ್ಲ. "ನಿಮ್ಮ ಭಾಷೆ" ಯಾವುದು ಅಂತಲೂ ಇಲ್ಲ, ಯಾಕೆಂದರೆ ಇದೇ ಪತ್ರ ಒಂದೇ ಏಟಿಗೆ ಹತ್ತಾರು ಭಾಷೆಗಳ ಅನುವಾದಕರಿಗೆ ಹೋಗಿದೆ. ಕಾರ್ಯಾಗಾರ ಯಾವುದರ ಬಗ್ಗೆ, ಯಾವ ಸಂಸ್ಥೆಯದು, ಎಲ್ಲಿ ಎಂಬ ಸುಳಿವಿಲ್ಲ. ಪದಗಳ ಲೆಕ್ಕ ಇಲ್ಲ, ಪುಟಗಳ ಲೆಕ್ಕ ಮಾತ್ರ. ಹಣ ಹೇಗೆ ಕೊಡುತ್ತೇನೆ ಎಂಬುದು ಮಾತ್ರ ಸ್ಪಷ್ಟವಾಗಿದೆ. ದರ ಇನ್ನೂ ಹೇಳಿಲ್ಲ, ಚೆಕ್ ಬರೆಯಲು ಆಗಲೇ ತಯಾರು! "ಟು" ಜಾಗದಲ್ಲಿ ನಿಮ್ಮ ವಿಳಾಸದ ಬದಲು ಬೇರೇನಾದರೂ ಇದ್ದರೆ ಅದು ಗುಂಪಿಗೆ ಕಳಿಸಿದ ಮೇಲ್ ಎನ್ನುವುದು ಇನ್ನಷ್ಟು ಖಚಿತ.

ದುಭಾಷಿಗಳಿಗೆ ಬರುವ ಮೇಲ್‌ನಲ್ಲಿ ಕಥೆ ಸ್ವಲ್ಪ ಬೇರೆ. "ನನ್ನ ಹೆಂಡತಿ ಮತ್ತು ಅವಳ ಬಂಧುಗಳು ನಿಮ್ಮ ಊರಿಗೆ ಬರುತ್ತಿದ್ದಾರೆ, ಎರಡು ವಾರ, ದಿನಕ್ಕೆ ನಾಲ್ಕು ಗಂಟೆ ಅವರ ಜೊತೆ ಇರಬೇಕು" ಎಂದೋ, "ನಮ್ಮ ನಿಯೋಗಕ್ಕೆ ದುಭಾಷಿ ಬೇಕು" ಎಂದೋ ಶುರುವಾಗುತ್ತದೆ. ಯಾವ ಜಾಗದಲ್ಲಿ ಎಂದು ಕೇಳಿದರೆ "ನಿಮಗೆ ಅನುಕೂಲವಾದ ಕಡೆ" ಎನ್ನುತ್ತಾರೆ. ನಿಜವಾಗಿ ಸಮ್ಮೇಳನ ನಡೆಸುವವರು ಹೀಗೆ ಮಾತಾಡುವುದಿಲ್ಲ. ಭಾಷಣದ ಜೊತೆಜೊತೆಗೇ ಅನುವಾದವೋ, ಮಾತು ನಿಲ್ಲಿಸಿದ ಮೇಲೆ ಅನುವಾದವೋ ಎಂಬುದು ಅವರ ಮೊದಲ ಪ್ರಶ್ನೆ. ಜೊತೆಜೊತೆಗೇ ಆದರೆ ಬೂತ್ ಬೇಕು, ಹೆಡ್‌ಸೆಟ್ ಬೇಕು. ಒಬ್ಬರು ಇಡೀ ದಿನ ಮಾಡಲು ಆಗುವುದಿಲ್ಲ. ಸಾಮಾನ್ಯವಾಗಿ ಇಬ್ಬರು ಇರುತ್ತಾರೆ, 20–30 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಇದ್ಯಾವುದೂ ಗೊತ್ತಿಲ್ಲದೆ "ಒಬ್ಬರೇ ಸಾಕು, ದಿನಕ್ಕೆ ಆರು ಗಂಟೆ" ಎನ್ನುವವರು ಒಂದೋ ತೀರಾ ಹೊಸಬರು, ಇಲ್ಲವೇ ಸಮ್ಮೇಳನವೇ ಇಲ್ಲ. ಹೊಸಬರಾದರೆ ವಿವರಿಸಿ ಹೇಳಿದಾಗ ಮರುಪ್ರಶ್ನೆ ಹಾಕುತ್ತಾರೆ. ವಂಚಕರಾದರೆ ಎಲ್ಲದಕ್ಕೂ "ಆಗಲಿ" ಎನ್ನುತ್ತಾರೆ.

ಒಂದು ಮಾತು. ವ್ಯಾಕರಣದ ತಪ್ಪು ನೋಡಿ ವಂಚನೆ ಅಂತ ತೀರ್ಮಾನ ಮಾಡಬೇಡಿ. ತಪ್ಪು ಇಂಗ್ಲಿಷ್ ಬರೆಯುವ ಒಳ್ಳೆಯ ಗ್ರಾಹಕರು ಬೇಕಾದಷ್ಟು ಜನ ಇದ್ದಾರೆ, ಅದಕ್ಕೇ ತಾನೇ ಅವರು ನಮ್ಮನ್ನು ಹುಡುಕಿಕೊಂಡು ಬರುವುದು. ವಂಚಕರಾದರೋ ಈಗ ಎಐ ಕೈಯಲ್ಲಿ ಒಂದು ತಪ್ಪೂ ಇಲ್ಲದ ಪತ್ರ ಬರೆಸುತ್ತಾರೆ.

ಹಂತ 2: ಜೊತೆಗೆ ಬಂದ ಫೈಲ್ ಪರೀಕ್ಷಿಸಿ

ತೆರೆಯುವ ಮುಂಚೆ ಫೈಲ್ ಹೆಸರಿನ ಕೊನೆ ನೋಡಿ. "ಪಿಡಿಎಫ್" ಎಂದು ಬರೆದು ಅದರ ಮುಂದೆ ಚುಕ್ಕಿ ಹಾಕಿ "ಇಎಕ್ಸ್‌ಇ" ಎಂದಿದ್ದರೆ ಅದು ದಾಖಲೆಯಲ್ಲ, ಕಂಪ್ಯೂಟರ್‌ನಲ್ಲಿ ಓಡುವ ಪ್ರೋಗ್ರಾಂ. ವಿಂಡೋಸ್‌ನಲ್ಲಿ ಈ ಬಾಲ ಸಾಮಾನ್ಯವಾಗಿ ಕಾಣುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಕಾಣುವಂತೆ ಮಾಡಿಟ್ಟುಕೊಳ್ಳಿ. ಜಿಪ್ ಫೈಲ್‌ಗೆ ಪಾಸ್‌ವರ್ಡ್ ಹಾಕಿ, ಅದೇ ಮೇಲ್‌ನಲ್ಲಿ ಪಾಸ್‌ವರ್ಡ್ ಕೊಟ್ಟಿದ್ದರೂ ಅನುಮಾನ ಪಡಿ. ಗುಟ್ಟು ಕಾಪಾಡುವುದು ಉದ್ದೇಶವಾಗಿದ್ದರೆ ಬೀಗ, ಬೀಗದ ಕೈ ಎರಡನ್ನೂ ಒಟ್ಟಿಗೆ ಕಳಿಸುತ್ತಿರಲಿಲ್ಲ. ವೈರಸ್ ಸ್ಕ್ಯಾನರ್ ಒಳಗೆ ಇಣುಕಬಾರದು ಎಂಬುದೇ ಹೆಚ್ಚಾಗಿ ಅಲ್ಲಿಯ ಉದ್ದೇಶ. ವರ್ಡ್ ಫೈಲ್ ತೆರೆದಾಗ ಮ್ಯಾಕ್ರೋ (ಫೈಲ್‌ನೊಳಗೆ ಅಡಗಿರುವ ಸಣ್ಣ ಪ್ರೋಗ್ರಾಂ) ಚಾಲೂ ಮಾಡಿ ಎಂದು ಕೇಳಿದರೆ ಒಪ್ಪಬೇಡಿ. ಮೇಲ್‌ನೊಳಗಿನ ಪ್ರಿವ್ಯೂನಲ್ಲಿ ನೋಡಿದರೆ ದರ ಹೇಳಲು ಸಾಕು.

ಫೈಲ್ ಸರಿಯಿದೆ ಎಂದಾದರೆ ಪಠ್ಯದಿಂದ ಎಂಟು-ಹತ್ತು ಪದಗಳ ಒಂದು ಸಾಲು ಆರಿಸಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಚೆಕ್ ವಂಚಕರು (ಇವರ ಆಟ ಹಂತ 5ರಲ್ಲಿದೆ) ಪಠ್ಯಕ್ಕಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ವಿಕಿಪೀಡಿಯದಿಂದಲೋ ಯಾವುದೋ ಹಳೆಯ ಸಂಶೋಧನಾ ಲೇಖನದಿಂದಲೋ ಎತ್ತಿ ಹಾಕಿರುತ್ತಾರೆ. ಪಠ್ಯ ಇಂಟರ್ನೆಟ್‌ನಲ್ಲಿ ಸಿಕ್ಕಿದ ಮಾತ್ರಕ್ಕೆ ವಂಚನೆ ಎಂದಲ್ಲ, ಕಂಪನಿಯವರು ತಮ್ಮದೇ ವೆಬ್‌ಸೈಟ್ ಅನುವಾದ ಮಾಡಿಸಬಹುದು. ಆದರೆ ಬೇರೆ ಯಾರದ್ದೋ ಲೇಖನವನ್ನು ತಮ್ಮ ಕಾರ್ಯಾಗಾರದ ದಾಖಲೆ ಎಂದು ಕಳಿಸಿದ್ದರೆ ಅಲ್ಲಿಗೇ ನಿಲ್ಲಿಸಬಹುದು.

ಹಂತ 3: ಕಳಿಸಿದವರು ತಾವು ಹೇಳಿದವರೇನಾ?

ಈಗೀಗ ವಂಚಕರು ಹೊಸ ಹೆಸರು ಹುಟ್ಟಿಸುವ ಬದಲು ಹೆಸರಿರುವ ಅನುವಾದ ಏಜೆನ್ಸಿಗಳ ವೇಷ ಹಾಕುತ್ತಾರೆ. ಲೋಗೋ ಅದೇ, ಮ್ಯಾನೇಜರ್ ಹೆಸರೂ ನಿಜವಾಗಿ ಅಲ್ಲಿ ಕೆಲಸ ಮಾಡುವವರದ್ದೇ. ಇಮೇಲ್ ವಿಳಾಸ ಮಾತ್ರ ಬೇರೆ. ಅದನ್ನು ಒಂದೊಂದೇ ಅಕ್ಷರ ಓದಿ. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳು ಅಕ್ಕಪಕ್ಕ ಕೂತರೆ ಎಮ್ ಥರ ಕಾಣುತ್ತವೆ. ನಡುವೆ ಒಂದು ಅಡ್ಡಗೆರೆ ಸೇರಿಸುವುದು, "ಡಾಟ್ ಕಾಮ್" ಬದಲು ಬೇರೆ ಬಾಲ ಹಚ್ಚುವುದು, ಕಂಪನಿಯ ಹೆಸರಿಗೆ "ಕೆರಿಯರ್ಸ್" ಅಂಟಿಸುವುದು, ಇವೆಲ್ಲ ಸಾಮಾನ್ಯ. ದೊಡ್ಡ ಏಜೆನ್ಸಿ ಎಂದು ಹೇಳಿಕೊಂಡು ಜಿಮೇಲ್‌ನಿಂದ ಬರೆದರೆ ಪ್ರಶ್ನೆಯೇ ಇಲ್ಲ. "ರಿಪ್ಲೈ" ಒತ್ತಿ, ಉತ್ತರ ಯಾವ ವಿಳಾಸಕ್ಕೆ ಹೋಗುತ್ತಿದೆ ಎಂದೂ ನೋಡಿ. ಕಳಿಸಿದ ವಿಳಾಸ ಒಂದು, ಉತ್ತರ ಹೋಗುವ ವಿಳಾಸ ಇನ್ನೊಂದು ಇದ್ದರೆ ಹುಷಾರು.

ಆಮೇಲೆ ಹೂಈಸ್ (WHOIS) ಸೇವೆಯಲ್ಲಿ ಆ ಡೊಮೇನ್, ಅಂದರೆ ಇಮೇಲ್ ವಿಳಾಸದಲ್ಲಿ @ ಆದ ಮೇಲಿನ ಭಾಗ, ಯಾವಾಗ ನೋಂದಣಿ ಆಯಿತು ಎಂದು ಹುಡುಕಿ. ಇದು ಉಚಿತ, ಒಂದು ನಿಮಿಷದ ಕೆಲಸ. ಇಪ್ಪತ್ತು ವರ್ಷದಿಂದ ಇದ್ದೇವೆ ಎನ್ನುವ ಕಂಪನಿಯ ಡೊಮೇನ್ ಹೋದ ತಿಂಗಳು ಹುಟ್ಟಿದ್ದರೆ ಉತ್ತರ ಸಿಕ್ಕಿತು. ಯುರೋಪಿಯನ್ ಒಕ್ಕೂಟದ ಕಂಪನಿ ಆದರೆ ವ್ಯಾಟ್ ನಂಬರ್ (ತೆರಿಗೆ ನೋಂದಣಿ ಸಂಖ್ಯೆ) ಕೇಳಿ. ಯುರೋಪಿಯನ್ ಕಮಿಷನ್ನಿನ ವೀಸ್ (VIES) ತಾಣದಲ್ಲಿ ಅದು ಅಸಲಿಯೋ ಎಂದು ಯಾರು ಬೇಕಾದರೂ ನೋಡಬಹುದು.

ಅನುವಾದಕರು ಸೇರುವ ಪ್ರೋಜ್ (ProZ) ತಾಣದ ಬ್ಲೂ ಬೋರ್ಡ್‌ನಲ್ಲಿ ಅನುವಾದಕರು ಏಜೆನ್ಸಿಗಳಿಗೆ 1ರಿಂದ 5ರವರೆಗೆ ಅಂಕ ಕೊಟ್ಟಿರುತ್ತಾರೆ. ಮತ್ತೆ ಇವರ ಜೊತೆ ಕೆಲಸ ಮಾಡುತ್ತೀರಾ ಎಂಬುದಕ್ಕೆ ಆ ಅಂಕ. ಇದನ್ನು ನೋಡಲೇಬೇಕು. ಆದರೆ ಹಲವರು ಜಾರುವುದು ಇಲ್ಲೇ: 5ಕ್ಕೆ 5 ಇದೆ ಎಂದು ಖುಷಿಯಾಗಿ ಒಪ್ಪಿಬಿಡುತ್ತಾರೆ. ಆ ಅಂಕ ಅಸಲಿ ಏಜೆನ್ಸಿಯದು, ನಿಮಗೆ ಮೇಲ್ ಕಳಿಸಿದವರದ್ದಲ್ಲ. ಒಳ್ಳೆಯ ಅಂಕ ಇರುವ ಹೆಸರನ್ನೇ ಅವರು ಆರಿಸಿ ಕದ್ದಿರುತ್ತಾರೆ. ಹಾಗಾಗಿ ಮೇಲ್‌ನಲ್ಲಿ ಕೊಟ್ಟ ಲಿಂಕ್, ನಂಬರ್ ಎರಡನ್ನೂ ಬಿಡಿ. ನೀವೇ ಏಜೆನ್ಸಿಯ ವೆಬ್‌ಸೈಟ್ ಹುಡುಕಿ, ಅಲ್ಲಿರುವ ವಿಳಾಸಕ್ಕೆ ಎರಡು ಸಾಲು ಬರೆಯಿರಿ: "ಇಂಥವರು ನಿಮ್ಮ ಹೆಸರಲ್ಲಿ ನನಗೆ ಕೆಲಸ ಕೊಟ್ಟಿದ್ದಾರೆ, ಇದು ನಿಮ್ಮದೇನಾ?" ಅಸಲಿ ಏಜೆನ್ಸಿಯವರು ಬೇಸರ ಪಡುವುದಿಲ್ಲ. ತಮ್ಮ ಹೆಸರು ದುರುಪಯೋಗ ಆಗುತ್ತಿದೆ ಎಂದು ಎಷ್ಟೋ ಏಜೆನ್ಸಿಗಳು ವೆಬ್‌ಸೈಟ್‌ನಲ್ಲೇ ಎಚ್ಚರಿಕೆ ಹಾಕಿರುತ್ತವೆ.

ಹಂತ 4: ಕೆಲಸದ ಬಗ್ಗೆ ಪ್ರಶ್ನೆ ಕೇಳಿ

ಇನ್ನೂ ಅನುಮಾನ ಉಳಿದಿದ್ದರೆ ಈ ಥರ ಉತ್ತರ ಬರೆಯಿರಿ. "ಈ ಅನುವಾದ ಯಾರು ಓದುತ್ತಾರೆ? ಮುದ್ರಣಕ್ಕೋ, ಒಳಗಿನ ಬಳಕೆಗೋ? ಮೊದಲು ಅನುವಾದ ಆಗಿರುವ ಭಾಗ, ಪದಕೋಶ ಏನಾದರೂ ಇದೆಯಾ? ಬಿಲ್ ಯಾವ ಸಂಸ್ಥೆಯ ಹೆಸರಿಗೆ, ಯಾವ ವಿಳಾಸಕ್ಕೆ ಮಾಡಬೇಕು? ಪರ್ಚೇಸ್ ಆರ್ಡರ್ ಯಾವಾಗ ಕಳಿಸುತ್ತೀರಿ? ಹತ್ತು ನಿಮಿಷ ವಿಡಿಯೋ ಕರೆಯಲ್ಲಿ ಮಾತಾಡೋಣವಾ?"

ವಂಚಕರಿಂದ ಇದಕ್ಕೆ ಬರುವ ಉತ್ತರ ನೋಡಲು ಮಜವಾಗಿರುತ್ತದೆ. ಪ್ರಶ್ನೆಗಳನ್ನು ಹಾರಿಸಿ ಮತ್ತೆ ಚೆಕ್‌ಗೆ ಬರುತ್ತಾರೆ. ಕರೆಗೆ ಸಿಗಲು ಆಗುವುದಿಲ್ಲ, ಯಾಕೆಂದರೆ ಹಡಗಿನಲ್ಲಿದ್ದಾರೆ, ಆಸ್ಪತ್ರೆಯಲ್ಲಿದ್ದಾರೆ, ಕಿವಿ ಕೇಳಿಸುವುದಿಲ್ಲ. ಸಂದರ್ಶನ ಮಾಡಿದರೂ ಟೆಲಿಗ್ರಾಂನಲ್ಲಿ ಟೈಪ್ ಮಾಡಿಯೇ ಮುಗಿಸುತ್ತಾರೆ. ದರ ಕೇಳಿದಾಗ ಸುಮ್ನೆ ಮಾಮೂಲಿಗಿಂತ ಜಾಸ್ತಿ ಹೇಳಿ ನೋಡಿ. ಒಂದು ಪೈಸೆ ಚೌಕಾಸಿ ಇಲ್ಲದೆ ಒಪ್ಪಿಕೊಂಡರೆ ಸಂತೋಷ ಪಡಬೇಡಿ. ಕೊಡುವ ಉದ್ದೇಶ ಇಲ್ಲದವರಿಗೆ ಯಾವ ದರವೂ ಜಾಸ್ತಿ ಅಲ್ಲ.

ಹಂತ 5: ಹಣದ ದಾರಿ ಅರ್ಥ ಮಾಡಿಕೊಳ್ಳಿ

ಚೆಕ್ ವಂಚನೆಯಲ್ಲಿ ವಿದ್ಯಾವಂತರೂ ಬೀಳಲು ಕಾರಣ ಒಂದೇ: ಹಣ ನಿಜವಾಗಿ ಖಾತೆಯಲ್ಲಿ ಕಾಣುತ್ತದೆ. ಹೇಗೆ ಅಂತ ನೋಡೋಣ.

ನಿಮ್ಮ ಸಂಭಾವನೆ 1,200 ಡಾಲರ್ ಅಂದುಕೊಳ್ಳಿ. ಚೆಕ್ ಬರುವುದು 3,900 ಡಾಲರ್‌ಗೆ. ಜೊತೆಗೆ ಒಂದು ವಿವರಣೆ: ಕಾರ್ಯದರ್ಶಿ ತಪ್ಪಾಗಿ ಬರೆದರು, ಅಥವಾ ಉಳಿದದ್ದು ನಮ್ಮ ತಂಡದ ಡ್ರೈವರ್‌ಗೆ, ಟ್ರಾವೆಲ್ ಏಜೆಂಟ್‌ಗೆ ಸೇರಬೇಕಾದ್ದು, ದಯವಿಟ್ಟು ನೀವೇ ತಲುಪಿಸಿ. ನೀವು ಚೆಕ್ ಜಮಾ ಮಾಡುತ್ತೀರಿ. ಹಲವು ದೇಶಗಳಲ್ಲಿ ಚೆಕ್ ಕೊಟ್ಟ ಬ್ಯಾಂಕಿನಿಂದ ಹಣ ಬರುವ ಮುಂಚೆಯೇ ನಿಮ್ಮ ಬ್ಯಾಂಕ್ ಒಂದೆರಡು ದಿನದಲ್ಲಿ ಆ ಮೊತ್ತ ಬಳಸಲು ಬಿಡುತ್ತದೆ. ಬ್ಯಾಲೆನ್ಸ್ ನೋಡಿದರೆ 3,900 ಇದೆ. ನೀವು ಪ್ರಾಮಾಣಿಕರು. 2,700 ಡಾಲರ್ ಅನ್ನು ಅವರು ಹೇಳಿದ ವೆಸ್ಟರ್ನ್ ಯೂನಿಯನ್‌ಗೋ, ಕ್ರಿಪ್ಟೋ ಖಾತೆಗೋ, ಗಿಫ್ಟ್ ಕಾರ್ಡ್ ರೂಪದಲ್ಲೋ ಕಳಿಸುತ್ತೀರಿ. ಕೆಲವು ದಿನ, ಕೆಲವೊಮ್ಮೆ ವಾರಗಳು ಕಳೆದ ಮೇಲೆ ಚೆಕ್ ನಕಲಿ ಎಂದು ವಾಪಸ್ ಬರುತ್ತದೆ. ಬ್ಯಾಂಕ್ 3,900 ಪೂರ್ತಿ ಕಡಿದುಕೊಳ್ಳುತ್ತದೆ. ನೀವು ಕಳಿಸಿದ 2,700 ನಿಮ್ಮ ಸ್ವಂತ ಹಣ ಆಗಿತ್ತು. ಅನುವಾದವನ್ನೂ ಮುಗಿಸಿದ್ದರೆ ಆ ಶ್ರಮ ಬೇರೆ. "ಬೇಗ ಕಳಿಸಿ, ಡ್ರೈವರ್ ಕಾಯುತ್ತಿದ್ದಾನೆ" ಎಂಬ ಒತ್ತಡ ಯಾಕೆ ಎಂದು ಈಗ ಗೊತ್ತಾಯಿತಲ್ಲ. ಚೆಕ್ ವಾಪಸ್ ಬರುವುದರೊಳಗೆ ನಿಮ್ಮ ಹಣ ಹೊರಟುಬಿಡಬೇಕು.

ಬ್ಯಾಂಕಿನಲ್ಲಿ "ಹಣ ಬಂದಿದೆಯಾ?" ಎಂದು ಕೇಳಿದರೆ ಹೌದು ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆ: "ಚೆಕ್ ಕೊಟ್ಟ ಬ್ಯಾಂಕ್ ಹಣ ಪಾವತಿಸಿದೆಯಾ? ಇನ್ನು ಇದು ವಾಪಸ್ ಹೋಗುವ ಸಾಧ್ಯತೆ ಇದೆಯಾ?" ಅದಕ್ಕಿಂತ ಸುಲಭ, ಗುರುತಿಲ್ಲದ ಗ್ರಾಹಕರಿಂದ ಚೆಕ್ ತೆಗೆದುಕೊಳ್ಳಬೇಡಿ. ಬ್ಯಾಂಕ್ ವರ್ಗಾವಣೆ ಮಾತ್ರ ಎಂದು ಹೇಳಿದ ಕೂಡಲೇ ಹೆಚ್ಚಿನ ವಂಚಕರು ಮಾಯ.

ಹೆಚ್ಚಿನವರು ಅಂದೆ. ಉಳಿದವರು ಬೇರೆ ಆಟ ಆಡುತ್ತಾರೆ. ಪೇಪಾಲ್ ಹೆಸರಲ್ಲಿ "ಹಣ ಬಂದಿದೆ, ಆದರೆ ತಡೆಹಿಡಿದಿದ್ದೇವೆ, ಖಾತೆ ಅಪ್‌ಗ್ರೇಡ್ ಮಾಡಲು ಇಷ್ಟು ಕಟ್ಟಿ" ಎಂಬ ನಕಲಿ ಮೇಲ್ ಬರುತ್ತದೆ. ಆ ಮೇಲ್‌ನ ಲಿಂಕ್ ಒತ್ತದೆ ಪೇಪಾಲ್ ಆ್ಯಪ್ ತೆರೆದು ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಇನ್ನು ಕೆಲವರು ನಿಜವಾಗಿಯೂ ಹಣ ಹಾಕಿ, ಒಂದು ಭಾಗವನ್ನು ಮೂರನೆಯವರಿಗೆ ಕಳಿಸಿ ಎನ್ನುತ್ತಾರೆ. ಅದು ಬೇರೆ ಯಾರಿಂದಲೋ ಕದ್ದ ಹಣ ಆಗಿರಬಹುದು. ಆಗ ಪೊಲೀಸರು ಮೊದಲು ಬರುವುದು ನಿಮ್ಮ ಖಾತೆಯ ಜಾಡು ಹಿಡಿದು. ಯಾರೇ ಆಗಲಿ ಜಾಸ್ತಿ ಹಣ ಕಳಿಸಿದ್ದರೆ ನೀವಾಗಿ ಎಲ್ಲಿಗೂ ಕಳಿಸಬೇಡಿ. ಬಂದ ದಾರಿಯಲ್ಲೇ ವಾಪಸ್ ಕಳಿಸಲು ಬ್ಯಾಂಕಿಗೆ ಹೇಳಿ.

ಹಂತ 6: ನೀವೇ ಹಣ ಕಟ್ಟಬೇಕು ಎಂದರೆ ನಿಲ್ಲಿಸಿ

ನೋಂದಣಿ ಶುಲ್ಕ, ತರಬೇತಿ ಶುಲ್ಕ, ಭದ್ರತಾ ಠೇವಣಿ, "ನಮ್ಮ ಮಾರಾಟಗಾರರಿಂದಲೇ ಸಾಫ್ಟ್‌ವೇರ್ ಕೊಳ್ಳಬೇಕು", ಹೆಸರು ಯಾವುದಾದರೂ ಉತ್ತರ ಒಂದೇ. ಏಜೆನ್ಸಿಗಳು ಟ್ರಾಡೋಸ್ ಅಥವಾ ಮೆಮೋಕ್ಯೂ ಥರದ ಅನುವಾದ ಸಾಫ್ಟ್‌ವೇರ್ ಇರಬೇಕು ಎನ್ನಬಹುದು. ಇಂಥ ಅಂಗಡಿಯಲ್ಲೇ, ಇವತ್ತೇ ಕೊಳ್ಳಿ ಎನ್ನುವುದಿಲ್ಲ.

ವಾಟ್ಸಾಪ್‌ನಲ್ಲಿ "ಮನೆಯಿಂದಲೇ ಅನುವಾದ, ಟೈಪಿಂಗ್" ಎಂದು ಬರುವ ಸಂದೇಶಗಳೂ ಇದೇ ಜಾತಿ. ಮೊದಲು ಸಣ್ಣ ಮೊತ್ತ ಕೊಟ್ಟು ನಂಬಿಸುತ್ತಾರೆ. ಆಮೇಲೆ ದೊಡ್ಡ ಗಳಿಕೆ ಬಿಡಿಸಿಕೊಳ್ಳಲು ಠೇವಣಿ ಕೇಳುತ್ತಾರೆ. ಹೀಗೆ ಟಾಸ್ಕ್ ಕೊಟ್ಟು ಮಾಡುವ ವಂಚನೆ ಬೆಳೆದ ವೇಗ ನೋಡಿ: ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 2020ರಲ್ಲಿ ಇಂಥ ದೂರು ಒಂದೂ ಬಂದಿರಲಿಲ್ಲ. 2023ರಲ್ಲಿ ಸುಮಾರು 5,000. 2024ರ ಮೊದಲ ಆರು ತಿಂಗಳಲ್ಲೇ ಸುಮಾರು 20,000.

ಹಂತ 7: "ಪರೀಕ್ಷೆ" ಎಷ್ಟು ಉದ್ದ ಇದೆ?

200–300 ಪದಗಳ ಉಚಿತ ಪರೀಕ್ಷೆ ಈ ವೃತ್ತಿಯಲ್ಲಿ ಮಾಮೂಲು. ಎರಡು ಸಾವಿರ ಪದಗಳ ಪರೀಕ್ಷೆ, ಅದೂ ನಾಳೆ ಬೆಳಿಗ್ಗೆಯೊಳಗೆ ಬೇಕು ಎಂದರೆ ಅದು ಪರೀಕ್ಷೆಯಲ್ಲ, ಕೆಲಸವೇ. ಒಂದು ದೊಡ್ಡ ದಾಖಲೆಯನ್ನು ಹತ್ತು ತುಂಡು ಮಾಡಿ ಹತ್ತು ಅಭ್ಯರ್ಥಿಗಳಿಗೆ ಹಂಚಿ, ಎಲ್ಲರನ್ನೂ ಫೇಲ್ ಮಾಡಿದರೆ ಇಡೀ ಅನುವಾದ ಪುಕ್ಕಟೆ. ಪಠ್ಯ ನಡುವಿನಲ್ಲಿ ಶುರುವಾಗಿ ನಡುವಿನಲ್ಲೇ ನಿಂತಿದೆಯಾ, ವಿಭಾಗದ ಸಂಖ್ಯೆ 4.3ರಿಂದ ಆರಂಭವಾಗಿದೆಯಾ ನೋಡಿ. "ಮೊದಲ 250 ಪದ ಉಚಿತ, ಉಳಿದದ್ದಕ್ಕೆ ನನ್ನ ದರ ಇಷ್ಟು" ಎಂದು ಉತ್ತರಿಸಿದರೆ ಸಾಕು.

ಹಂತ 8: ರೆಸ್ಯೂಮೆ ಕಾಪಾಡಿಕೊಳ್ಳಿ

ಕೆಲವು "ಆಫರ್"ಗಳಿಗೆ ನಿಮ್ಮ ಹಣವೂ ಬೇಡ, ಕೆಲಸವೂ ಬೇಡ. ರೆಸ್ಯೂಮೆ ಸಾಕು. ಅದರಲ್ಲಿ ಇಮೇಲ್ ವಿಳಾಸ ಬದಲಿಸಿ, ನಿಮ್ಮ ಪದವಿ, ನಿಮ್ಮ ಅನುಭವ ಎಲ್ಲ ಹಾಗೇ ಇಟ್ಟು ನೂರಾರು ಏಜೆನ್ಸಿಗಳಿಗೆ ಕಳಿಸುತ್ತಾರೆ. ಕೆಲಸ ಸಿಕ್ಕಿದರೆ ಮೆಷಿನ್ ಅನುವಾದ ಮಾಡಿ ಒಪ್ಪಿಸಿ, ಹಣ ತಮ್ಮ ಖಾತೆಗೆ ಹಾಕಿಸಿಕೊಳ್ಳುತ್ತಾರೆ. ಬೈಗುಳ ಮಾತ್ರ ನಿಮಗೆ. ಇದು ಅದೆಷ್ಟು ವ್ಯಾಪಕ ಎಂದರೆ ಹೀಗೆ ಕದ್ದ ರೆಸ್ಯೂಮೆಗಳನ್ನು, ಅವುಗಳ ಜೊತೆ ಬಳಸಿದ ನಕಲಿ ಇಮೇಲ್‌ಗಳನ್ನು ಪಟ್ಟಿ ಮಾಡಲೆಂದೇ "ಟ್ರಾನ್ಸ್‌ಲೇಟರ್ ಸ್ಕ್ಯಾಮರ್ಸ್ ಡೈರೆಕ್ಟರಿ" ಎಂಬ ತಾಣ ಹುಟ್ಟಿಕೊಂಡಿತು.

ಪಿಡಿಎಫ್ ಮಾಡಿದರೆ ಸುರಕ್ಷಿತ ಎಂದುಕೊಳ್ಳಬೇಡಿ, ಪಿಡಿಎಫ್ ತಿದ್ದುವುದು ಕಷ್ಟವಲ್ಲ. ಬಹಿರಂಗವಾಗಿ ಇಡುವ ರೆಸ್ಯೂಮೆಯಲ್ಲಿ ಹುಟ್ಟಿದ ದಿನ, ಮನೆ ವಿಳಾಸ, ಸಹಿ, ಪ್ರಮಾಣಪತ್ರಗಳ ಸ್ಕ್ಯಾನ್ ಬೇಡ. ಪೂರ್ಣ ರೆಸ್ಯೂಮೆ ಕೇಳಿದವರಿಗೆ ಮಾತ್ರ ಕೊಡಿ. ಪ್ರತಿ ಪುಟದ ಹಿನ್ನೆಲೆಯಲ್ಲಿ "ಇಂಥ ಏಜೆನ್ಸಿಗಾಗಿ, ಇಂಥ ದಿನ" ಎಂದು ಮಸುಕಾಗಿ ಬರೆದಿರಲಿ. ಸ್ವಂತ ಡೊಮೇನ್‌ನ ಇಮೇಲ್ ಇದ್ದರೆ ಇನ್ನೂ ಒಳ್ಳೆಯದು. "ಈ ವಿಳಾಸದಿಂದ ಬಿಟ್ಟು ಬೇರೆ ಕಡೆಯಿಂದ ನಾನು ಬರೆಯುವುದಿಲ್ಲ" ಎಂದು ನಿಮ್ಮ ಪ್ರೊಫೈಲ್‌ನಲ್ಲೇ ಹಾಕಿಬಿಡಿ. ಆಗಾಗ ನಿಮ್ಮ ಹೆಸರನ್ನು, ರೆಸ್ಯೂಮೆಯ ಒಂದು ಸಾಲನ್ನು ಉದ್ಧರಣ ಚಿಹ್ನೆಯಲ್ಲಿ ಹಾಕಿ ಹುಡುಕುತ್ತಿರಿ.

ಕೆಲಸ ಗಟ್ಟಿಯಾದ ಮೇಲೆ ಏಜೆನ್ಸಿಗೆ ಬ್ಯಾಂಕ್ ಖಾತೆ ಸಂಖ್ಯೆ, ತೆರಿಗೆಯ ಗುರುತು ಸಂಖ್ಯೆ ಬೇಕಾಗುವುದು ಸಹಜ. ಕಾರ್ಡಿನ ಹಿಂದಿನ ಮೂರು ಅಂಕಿ, ಓಟಿಪಿ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಯಾವ ಗ್ರಾಹಕರಿಗೂ ಬೇಕಿಲ್ಲ. ಒಪ್ಪಂದಕ್ಕೂ ಮುಂಚೆ ಪಾಸ್‌ಪೋರ್ಟ್ ಪ್ರತಿ ಹಿಡಿದ ಸೆಲ್ಫಿ ಕೇಳಿದರೆ ಕೊಡಬೇಡಿ. ಅದರಿಂದ ನಿಮ್ಮ ಹೆಸರಲ್ಲಿ ಖಾತೆ ತೆರೆಯಬಹುದು.

ಆಗಲೇ ಸಿಕ್ಕಿಹಾಕಿಕೊಂಡಿದ್ದರೆ

ಹಣ ಕಳಿಸಿದ್ದರೆ ಮೊದಲ ಫೋನ್ ಬ್ಯಾಂಕಿಗೆ, ಅಥವಾ ಯಾವ ಸೇವೆಯಿಂದ ಕಳಿಸಿದಿರೋ ಅವರಿಗೆ. ವಂಚಕರು ಇನ್ನೂ ಆ ಕಡೆ ಹಣ ತೆಗೆದುಕೊಂಡಿಲ್ಲದಿದ್ದರೆ ತಡೆಯುವ ಅವಕಾಶ ಇರುತ್ತದೆ. ಗಂಟೆಗಳ ಲೆಕ್ಕ ಇದು, ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದರೆ ಆ ಅವಕಾಶ ಹೋಗುತ್ತದೆ. ಚೆಕ್ ಜಮಾ ಮಾಡಿ ಹಣ ಇನ್ನೂ ಕಳಿಸಿಲ್ಲದಿದ್ದರೆ ಆ ಮೊತ್ತ ಮುಟ್ಟಬೇಡಿ, ಅನುಮಾನ ಇದೆ ಎಂದು ಬ್ಯಾಂಕಿಗೆ ಬರೆದು ಕೊಡಿ.

ಮೇಲ್‌ಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಮೇಲ್‌ನ ಹೆಡರ್ (ಮೇಲ್ ಎಲ್ಲಿಂದ ಹೇಗೆ ಬಂತು ಎಂಬ ತಾಂತ್ರಿಕ ವಿವರ) ಸಮೇತ ಮೂಲ ಪ್ರತಿ ಉಳಿಸಿ. ಕಳಿಸಿದವರ ಜಾಡು ಇರುವುದು ಅಲ್ಲಿ. ಚೆಕ್ ಬಂದ ಲಕೋಟೆಯನ್ನೂ ಎತ್ತಿಡಿ. ನಿಮ್ಮ ದೇಶದ ಸೈಬರ್ ಅಪರಾಧ ಪೊಲೀಸರಿಗೆ ದೂರು ಕೊಡಿ. ವಂಚಕರು ಯಾವ ತಾಣದ ಮೂಲಕ ನಿಮ್ಮನ್ನು ಸಂಪರ್ಕಿಸಿದರೋ ಆ ತಾಣಕ್ಕೂ, ಯಾವ ಏಜೆನ್ಸಿಯ ಹೆಸರು ಬಳಸಿದರೋ ಅವರಿಗೂ ತಿಳಿಸಿ. ಫೈಲ್ ತೆರೆದಿದ್ದರೆ ಬೇರೆ ಕಂಪ್ಯೂಟರ್‌ನಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಬ್ಯಾಂಕಿನದು.

ಇದಾದ ಕೆಲ ವಾರಕ್ಕೆ ಇನ್ನೊಂದು ಮೇಲ್ ಬರಬಹುದು. ವಕೀಲರು, ತನಿಖಾ ಸಂಸ್ಥೆ, "ಹಣ ಮರಳಿ ಕೊಡಿಸುವ ತಜ್ಞರು" ಎಂದು ಹೇಳಿಕೊಳ್ಳುತ್ತಾರೆ. ನಿಮ್ಮ ಪ್ರಕರಣದ ವಿವರ, ಕಳೆದುಕೊಂಡ ಮೊತ್ತ ಎಲ್ಲ ಸರಿಯಾಗಿ ಗೊತ್ತಿರುತ್ತದೆ, ಯಾಕೆಂದರೆ ಮೋಸ ಹೋದವರ ಪಟ್ಟಿಗಳನ್ನು ವಂಚಕರು ತಮ್ಮೊಳಗೆ ಮಾರಿಕೊಳ್ಳುತ್ತಾರೆ. ಪ್ರಕ್ರಿಯೆ ಶುರು ಮಾಡಲು ಒಂದು ಸಣ್ಣ ಶುಲ್ಕ ಕೇಳುತ್ತಾರೆ. ಕಟ್ಟಬೇಡಿ. ಆ ಮೇಲ್ ಅನ್ನೂ ಮೊದಲ ದೂರಿನ ಜೊತೆಗೇ ಸೇರಿಸಿ.